ಎಲೆ ಬಾಡುವವರೆಗೆ

ನಮ್ಮೂರಿನಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ. ನೇರ ನನ್ನ ಗವಿಗೆ ತರುತ್ತಾರೆ. ಬೆಟ್ಟದ ಹೊಟ್ಟೆಯಲ್ಲಿದೆ ಆ ಗವಿ. ಊರೆಲ್ಲ ಬೆಂದು ಹೋಗುವ ಬೇಸಿಗೆಯಲ್ಲೂ ಅದರ ಬಾಯಿಂದ ತಣ್ಣನೆ ಗಾಳಿ ಬರುತ್ತದೆ. ಒಳಗೆ ಎರಡು ಹಾಸುಗಲ್ಲು, ಅವುಗಳ ತಲೆದೆಸೆಯಲ್ಲಿ ತೊಟ್ಟಿಕ್ಕುವ ನೀರು. ನಾನು ಅದರ ಬಾಗಿಲಲ್ಲಿ ಕೂತಿರುವ ಮುದುಕಿ. ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಗವಿಯಜ್ಜಿ ಅಂತಾರೆ, ಅಷ್ಟು ಸಾಕು.

ಪೆಟ್ಟು ಕೊಲ್ಲುವುದು ಅರ್ಧ, ಪೆಟ್ಟಿನ ಬಿಸಿ ಕೊಲ್ಲುವುದು ಇನ್ನರ್ಧ ಅಂತ ನಮ್ಮೂರ ಮಾತು. ತಲೆಗೆ ಬಿದ್ದಾಗ ಒಳಗೆ ಕಿಚ್ಚು ಹತ್ತುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮನುಷ್ಯ ಉಸಿರಾಡುತ್ತಲೇ ಇರುತ್ತಾನೆ, ಒಳಗೆ ಒಂದೊಂದೇ ಕೋಣೆ ಸುಡುತ್ತಿರುತ್ತದೆ. ಹೆಂಡತಿಯ ಮುಖ ಇದ್ದ ಕೋಣೆ, ಮನೆಯ ದಾರಿ ಇದ್ದ ಕೋಣೆ, ತುತ್ತು ನುಂಗುವುದು ಹೇಗೆ ಅನ್ನುವುದಿದ್ದ ಕೋಣೆ. ಅದಕ್ಕೇ ಮೊದಲು ತಣಿಸಬೇಕು, ಬೇಗ ತಣಿಸಬೇಕು. ಹಾಸುಗಲ್ಲಿನ ಮೇಲೆ ಮಲಗಿಸಿ, ನೆತ್ತಿಗೆ ನೀರು ಬೀಳುವ ಹಾಗೆ ಇರಿಸಿ, ಮೈ ನಡುಗದಂತೆ ಅಂಗಾಲು ನೀವುತ್ತಾ ಕೂರಬೇಕು. ನಡುಗಿತೋ, ಮೈ ತಾನೇ ಮತ್ತೆ ಬೆಂಕಿ ಹಚ್ಚಿಕೊಳ್ಳುತ್ತದೆ. ಆ ನೀವುವ ಕೆಲಸ ನನ್ನದು.

ಇಷ್ಟಾದರೆ ಸಾಲದು. ನಮ್ಮೂರಿನಲ್ಲಿ ಮೈಯ ಕಾವು ಗಾಳಿಗೆ ಹೋಗುವುದಿಲ್ಲ. ಪೆಟ್ಟು ಬಿದ್ದವನಿಂದ ತೆಗೆದ ಕಾವನ್ನು ಇನ್ನೊಬ್ಬರು ಹಿಡಿದಿಟ್ಟುಕೊಳ್ಳಬೇಕು, ಅದೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಅವರು ಬಂದು ಕಪಾಲಕ್ಕೆ ಅಂಗೈ ಒತ್ತಿ ಎಳೆದುಕೊಳ್ಳುತ್ತಾರೆ. ಮಲಗಿದವನು ಕಲ್ಲಿನಂತೆ ತಣ್ಣಗಾಗುತ್ತಾನೆ, ಹಿಡಿದವನ ಮೈಯಲ್ಲಿ ಎರಡು ಕಾವು ಸೇರುತ್ತವೆ. ಒಳಗಿನ ಕಿಚ್ಚು ಆರಿದ ಮೇಲೆ ಹಿಡಿದವನು ದಿನಾ ಬೆಳಿಗ್ಗೆ ಬರಬೇಕು. ಮಲಗಿದವನ ಹಣೆಯ ಮೇಲೆ ಒಂದು ವೀಳ್ಯದೆಲೆ ಇಟ್ಟು, ಅಂಗಾಲಿಗೆ ಅಂಗೈ ಕೊಟ್ಟು ಕೂರಬೇಕು. ಕಾವು ಕಾಲಿನಿಂದ ಹತ್ತಿ ಹಣೆಗೆ ಬಂದಾಗ ಎಲೆ ಬಾಡುತ್ತದೆ. ಎಲೆ ಬಾಡಿತು, ಕೈ ತೆಗಿ, ಇವತ್ತಿಗೆ ಸಾಕು. ಮಾರನೆಯ ದಿನ ಮತ್ತೊಂದು ಎಲೆ.

ಬೇಗ ತಣಿಸು, ನಿಧಾನ ಬೆಚ್ಚಗಾಗಿಸು. ಇದು ಕಟ್ಟಳೆ. ಸುಮ್ಮನೆ ಆದ ಕಟ್ಟಳೆಯಲ್ಲ. ನನ್ನ ತಾಯಿಯ ಕಾಲದಲ್ಲಿ ಒಬ್ಬ ಅಕ್ಕ ತಡೆಯಲಾರದೆ ತಮ್ಮನ ಕಾವನ್ನೆಲ್ಲ ಒಂದೇ ಬೆಳಿಗ್ಗೆ ಸುರಿದುಬಿಟ್ಟಳಂತೆ. ಆ ತಮ್ಮ ಎದ್ದು ಕೂತ, ನಕ್ಕ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದ, ಹಸಿವು ಅಂದ. ಅನ್ನ ತರುವುದರೊಳಗೆ ಅವನ ತಲೆ ಒಳಗಿಂದ ಊದಿ ಸತ್ತ. ಅವತ್ತಿನಿಂದ ಇನ್ನೊಂದು ಕಟ್ಟಳೆಯೂ ಸೇರಿತು: ಕಾವು ಹಿಡಿದವರ ಕೈಯನ್ನು ಯಾರೂ ಎಳೆಯಬಾರದು, ಅವಸರ ಮಾಡಬಾರದು. ಅವರಾಗಿ ಕೊಟ್ಟರೆ ಕೊಟ್ಟದ್ದು. ಒಳ್ಳೆಯ ಕಟ್ಟಳೆಯೇ. ಆದರೆ ಕಟ್ಟಳೆ ಮಾಡಿದವರಿಗೆ ಮನುಷ್ಯರು ಎಂಥವರು ಅಂತ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕಣ್ಣು ಮುಚ್ಚಿಕೊಂಡರೋ, ನನಗೆ ತಿಳಿಯದು.

ಕಲ್ಲು ಸೀಳುವವನನ್ನು ತಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸೀಳಿದ ಬಂಡೆಯ ತುಂಡೊಂದು ಹಾರಿ ಅವನ ತಲೆಗೆ ಬಡಿದಿತ್ತು. ಹಗ್ಗದ ಮಂಚದ ಮೇಲೆ ಹೊತ್ತು ತಂದರು. ಹಿಂದೆ ಅವನ ಹೆಂಡತಿ ಓಡಿ ಬಂದಳು. ಅವಳು ನೇಯುವವಳು, ಮಗ್ಗದ ನೂಲು ಇನ್ನೂ ಬೆರಳಿಗೆ ಸುತ್ತಿಕೊಂಡೇ ಇತ್ತು. ಅವಳ ಹಿಂದೆ ಅವನ ತಮ್ಮ. ಈ ತಮ್ಮ ಹುಟ್ಟಿದಾಗಿನಿಂದ ಚಳಿ ಮೈಯವನು. ಯಾವಾಗಲೂ ಕೆಮ್ಮು, ಯಾವಾಗಲೂ ಕಂಬಳಿ, ಒಲೆಯ ಮೂಲೆ ಬಿಟ್ಟು ಏಳದವನು. ಅವನು ಅವತ್ತು ಬೆಟ್ಟ ಹತ್ತಿ ಓಡಿ ಬಂದ, ಗೊಳೋ ಅಂತ ಅತ್ತ. ಸುಳ್ಳು ಅಳುವಲ್ಲ ಅದು. ಸುಳ್ಳು ಅಳು ಹೇಗಿರುತ್ತದೆ ಅಂತ ನನಗೆ ಗೊತ್ತು.

ಅವನೇ ಅಣ್ಣನ ಕಪಾಲಕ್ಕೆ ಅಂಗೈ ಒತ್ತಿದ. ಎಳೆದುಕೊಳ್ಳುತ್ತಾ ಹೋದಂತೆ ಅವನ ಬಿಳಿಚಿದ ಮುಖ ಕೆಂಪಾಯಿತು, ಬೆನ್ನು ನೆಟ್ಟಗಾಯಿತು, ಕೆಮ್ಮು ನಿಂತಿತು. "ಅಣ್ಣಾ, ನಿನ್ನ ಕಾವು ನನ್ನ ಹತ್ರ ಭದ್ರವಾಗಿರುತ್ತೆ" ಅಂದ. ಭದ್ರವಾಗಿಯೇ ಇಟ್ಟುಕೊಂಡ, ಇಲ್ಲ ಅನ್ನುವ ಹಾಗಿಲ್ಲ.

ನಾನು ಅಂಗಾಲು ನೀವಿದೆ, ನಡುಕ ನಿಂತಿತು. ನೆತ್ತಿಗೆ ಬಿದ್ದ ಹನಿ ಮೊದಮೊದಲು ಹಬೆಯಾಗಿ ಏಳುತ್ತಿತ್ತು. ಆಮೇಲೆ ಬೆಚ್ಚಗೆ ಹರಿಯಿತು. ಆಮೇಲೆ, ಎಷ್ಟೋ ದಿನದ ಮೇಲೆ, ತಣ್ಣಗೆ ಹರಿಯಿತು. ಕಿಚ್ಚು ಆರಿತು ಅಂತ ಊರಿಗೆ ಹೇಳಿ ಕಳಿಸಿದೆ. ನೇಯುವವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ಅವಳಿಗೆ ಉಗುರು ತೋರಿಸಿದೆ. ತಣ್ಣಗಿನಲ್ಲಿ ಮಲಗಿದವರ ಉಗುರು ತುದಿಯಿಂದ ನೀಲಿಯಾಗುತ್ತಾ ಬರುತ್ತದೆ. ಆ ನೀಲಿ ಬುಡ ಮುಟ್ಟುವುದರೊಳಗೆ ಎದ್ದರೆ ಎದ್ದ ಹಾಗೆ. ಬುಡ ಮುಟ್ಟಿತು ಅಂದರೆ ಆಮೇಲೆ ಲೋಕದ ಕಾವನ್ನೆಲ್ಲ ತಂದು ಸುರಿದರೂ ಏಳುವುದಿಲ್ಲ. ತಂಪು ಮಲಗಿದವನನ್ನು ಕಾಯುತ್ತದೆ, ನಿಜ. ಕಾಯುತ್ತಾ ಕಾಯುತ್ತಾ ತಿನ್ನುತ್ತಲೂ ಇರುತ್ತದೆ.

ಕಾವು ಮರಳಿಸುವ ಮೊದಲ ಬೆಳಿಗ್ಗೆ ತಮ್ಮ ಬಂದ. ಆಗ ತಾನೇ ಬಳ್ಳಿಯಿಂದ ಕಿತ್ತ ಎಲೆ ತಂದ, ಹಸಿರಾಗಿ ನೀರು ತೊಟ್ಟಿಕ್ಕುತ್ತಿತ್ತು. ಅಣ್ಣನ ಅಂಗಾಲಿಗೆ ಅಂಗೈ ಕೊಟ್ಟು ಕೂತ. ಎಲೆ ಬಾಡಲು ಬಹಳ ಹೊತ್ತು ಬೇಕಾಯಿತು. ಎದ್ದಾಗ ಅವನ ಬೆನ್ನು ಸ್ವಲ್ಪ ಬಾಗಿತ್ತು. ಇಳಿಯುವಾಗ ಒಂದು ಸಲ ಕೆಮ್ಮಿದ. ಆ ಒಂದು ಕೆಮ್ಮು ಅವನನ್ನು ಹೆದರಿಸಿತು. ನಾನು ಕಣ್ಣಾರೆ ಕಂಡೆ.

ಯಾಕೆಂದರೆ ಅಷ್ಟರಲ್ಲಿ ಅವನು ಕೆಮ್ಮದ ಬದುಕು ನೋಡಿಯಾಗಿತ್ತು. ಎರಡು ಕಾವಿನ ಮೈಯಲ್ಲಿ ಅವನು ಅಣ್ಣನ ಸುತ್ತಿಗೆ ಹಿಡಿದಿದ್ದ, ಅಣ್ಣ ಎರಡು ಏಟಿಗೆ ಸೀಳುತ್ತಿದ್ದ ಬಂಡೆಯನ್ನು ಇವನು ಒಂದೇ ಏಟಿಗೆ ಸೀಳುತ್ತಿದ್ದ. ಮೂಲೆಯಲ್ಲಿ ಕೂತವನು ಕಟ್ಟೆಯ ಮೇಲೆ ಕೂತು ನ್ಯಾಯ ಹೇಳತೊಡಗಿದ್ದ. ಚಳಿಗಾಲದ ಬೆಳಿಗ್ಗೆ ಊರಿನವರು ಅವನ ಜಗಲಿಗೆ ಹೋಗಿ ಅವನ ಸುತ್ತ ಕೂತು ಮೈ ಕಾಯಿಸಿಕೊಳ್ಳುತ್ತಿದ್ದರು. ಸೌದೆ ಉಳಿಯಿತಲ್ಲ. ಬಾಣಂತಿಯರು ಮಗುವನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿ ಹೋಗುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಗಾದೆ ಇವನನ್ನು ನೋಡಿಯೇ ಕಟ್ಟಿದ ಹಾಗಿತ್ತು.

ಆಮೇಲೆ ಅವನು ಹಿಂದಿನ ದಿನ ಕಿತ್ತ ಎಲೆ ತರತೊಡಗಿದ. ಬರುವಾಗಲೇ ಅರ್ಧ ಜೋತುಬಿದ್ದ ಎಲೆ. ಹಣೆಗೆ ಇಟ್ಟು, ಅಂಗಾಲಿಗೆ ಅಂಗೈ ತಾಗಿಸುವುದೇ ತಡ, ಎಲೆ ಬಾಡಿತು, ಕೈ ತೆಗೆದ. ಕಟ್ಟಳೆ ಮುಗಿಯಿತು. ಇದೇನಯ್ಯಾ, ಹಳೇ ಎಲೆ ಅಂತ ನಾನು ಕೇಳಿದೆ. ಎಲೆ ಅಂದರೆ ಎಲೆ, ಇಂಥ ಹೊತ್ತಲ್ಲೇ ಕೀಳಬೇಕು ಅಂತ ಯಾರಾದರೂ ಹೇಳಿದ್ದಾರಾ ಅಂದ. ಯಾರೂ ಹೇಳಿರಲಿಲ್ಲ. ಕಟ್ಟಳೆಯಲ್ಲಿ ಎಲೆ ಅಂತಿತ್ತು, ಹಸಿ ಎಲೆ ಅಂತ ಇರಲಿಲ್ಲ. ಅಷ್ಟು ಬಿಡಿಸಿ ಹೇಳಬೇಕಾದ ಕಾಲ ಬರುತ್ತದೆ ಅಂತ ಯಾರು ಎಣಿಸಿದ್ದರು?

ನೇಯುವವಳು ಗವಿಯ ಬಾಗಿಲಲ್ಲೇ ಮಗ್ಗ ಹೂಡಿಕೊಂಡಿದ್ದಳು. ನೇಯುವುದು, ಎದ್ದು ಹೋಗಿ ಉಗುರು ನೋಡುವುದು, ಬಂದು ನೇಯುವುದು. ನೀಲಿ ಉಗುರಿನ ಅರ್ಧ ದಾಟಿತು. ಅವಳು ಹಸಿ ಎಲೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೈದುನನ ಮುಂದೆ ಹಿಡಿದಳು. ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಕೇಳಬಾರದಲ್ಲ. ಅವನು ಆ ಎಲೆಯನ್ನು ಮೆತ್ತಗೆ ತೆಗೆದು ಅವಳ ಮಡಿಲಿಗೇ ಹಾಕಿದ. "ಅತ್ತಿಗೆ, ಅವಸರ ಬೇಡಿ. ಆ ಅಕ್ಕ ತಮ್ಮನ್ನ ಕೊಂದ ಹಾಗೆ ನಾನು ಅಣ್ಣನ್ನ ಕೊಲ್ಲಲಾ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಇವನು ತನ್ನ ಮಾತನ್ನು ತಾನೇ ನಂಬಿದ್ದಾನೆ ಅಂತ ನನಗೆ ಆಗ ಹೊಳೆಯಿತು. ಕಳ್ಳ ಕಳ್ಳನಾಗಿದ್ದರೆ ಹಿಡಿಯಬಹುದು, ಕಳ್ಳ ಭಕ್ತನಾದರೆ ಏನು ಮಾಡುತ್ತೀರಿ?

ಅವಳು ಕಟ್ಟೆಗೆ ಹೋದಳು. ಊರಿನವರೆಲ್ಲ ಸೇರಿದರು. ಉಗುರಿನ ವಿಷಯ ಹೇಳಿದಳು, ಎಲೆಯ ವಿಷಯ ಹೇಳಿದಳು. ಅವರು ತಾಳಿದವನು ಬಾಳಿಯಾನು ಅಂದರು. ನಿಧಾನವೇ ಪ್ರಧಾನ ಅಂದರು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಒಬ್ಬರು ಅಂದರು, ಅವಳನ್ನಲ್ಲ, ಸುಮ್ಮನೆ ಗಾಳಿಗೆ ಅಂದ ಹಾಗೆ. ಎಲ್ಲರ ಅಂಗೈಯೂ ಬೆಚ್ಚಗಿತ್ತು ನೋಡಿ, ಬೆಳಿಗ್ಗೆ ಅವನ ಜಗಲಿಯಲ್ಲಿ ಕೂತು ಬಂದವರೇ ಎಲ್ಲ. ಹೊಟ್ಟೆ ತುಂಬಿದವನ ಮುಂದೆ ಹಸಿವಿನ ಕಥೆ ಹೇಳಿದ ಹಾಗಾಯಿತು.

ನನ್ನ ಕಾವನ್ನೇ ಕೊಟ್ಟುಬಿಡೋಣ ಅಂತ ನಾನೂ ಯೋಚಿಸಿದೆ. ಆದರೆ ನನ್ನಲ್ಲಿ ಏನಿದೆ? ಜನ್ಮವಿಡೀ ಆ ಗವಿಯ ಗಾಳಿಗೆ ಬೆನ್ನು ಕೊಟ್ಟು ಕೂತವಳು. ಒಂದು ಎಲೆ ಬಾಡಿಸುವಷ್ಟೂ ಬಿಸಿ ನನ್ನ ಮೈಯಲ್ಲಿಲ್ಲ.

ಅವಳು ಬಂದು ನನ್ನ ಪಕ್ಕ ಕೂತಳು. "ಅಜ್ಜೀ, ಒಂದೇ ಹೊಟ್ಟೆಯವರಲ್ಲದವರು ತಮ್ಮ ಸ್ವಂತ ಕಾವು ಕೊಡಬಹುದಾ?" ಅಂತ ಕೇಳಿದಳು. ಕೊಡಬಹುದು, ನಾನು ಸುಳ್ಳು ಹೇಳಲಿಲ್ಲ. ಕೊಡಬಹುದು, ಆದರೆ ಕೊಟ್ಟವರು ಎರಡನೆಯ ಹಾಸುಗಲ್ಲಿನ ಮೇಲೆ ಮಲಗಬೇಕು. ಎದ್ದವನು ಉಂಡು ಓಡಾಡಿದರೆ ಅವನ ಮೈಯಲ್ಲಿ ಅವನದೇ ಹೊಸ ಕಾವು ಹುಟ್ಟುತ್ತದೆ. ಅದು ಹುಟ್ಟುತ್ತಾ ಬಂದ ಹಾಗೆ ಅವನು ದಿನಾ ಬೆಳಿಗ್ಗೆ ಬಂದು ಕೊಟ್ಟವರದನ್ನು ಅವರಿಗೆ ಮರಳಿ ಕೊಡಬೇಕು. ಕೊಟ್ಟ ದಿನ ಅವನಿಗೆ ಸಂಜೆಯವರೆಗೆ ಚಳಿ ಆಗುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚಿನ ನಷ್ಟ ಇಲ್ಲ.

"ಅಷ್ಟೇ ತಾನೇ" ಅಂದಳು. ಅವಳ ಮುಖದಲ್ಲಿ ಎಷ್ಟು ಸಮಾಧಾನ ಕಂಡಿತು ಅಂದರೆ, ನಾನು ಬೇಡ ಅನ್ನಬೇಕೆಂದಿದ್ದವಳು ಅನ್ನಲಿಲ್ಲ. ಗಂಡ ಅನ್ನುವವನು ಒಂದು ಸಂಜೆಯ ಚಳಿ ತಡೆಯದೇ ಹೋಗುತ್ತಾನಾ ಅಂತ ನನಗೂ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಹಸಿ ಎಲೆ ಇಟ್ಟು ಅವನ ಅಂಗಾಲಿಗೆ ಅಂಗೈ ಕೊಟ್ಟು ಕೂತಳು. ಎಲೆ ಬಾಡಿತು, ಕೈ ತೆಗೆದಳು. ಅದರ ಮಾರನೆಯ ಬೆಳಿಗ್ಗೆಯೂ ಕೂತಳು. ಅವಳು ಅವಸರ ಮಾಡಲಿಲ್ಲ, ಕಟ್ಟಳೆಯನ್ನು ಒಂದು ಕೂದಲಷ್ಟೂ ಮೀರಲಿಲ್ಲ. ಒಂದೊಂದು ಎಲೆಗೂ ಅವಳು ತಣ್ಣಗಾಗುತ್ತಾ ಬಂದಳು. ಮೊದಲು ತುಟಿ ಬಿಳಿಚಿತು. ಆಮೇಲೆ ಬೆರಳು ನೂಲು ಹಿಡಿಯದಾಯಿತು, ಮಗ್ಗ ನಿಂತಿತು. ಆಮೇಲೆ ನಗು ನಿಂತಿತು. ಇತ್ತ ಅವನ ಉಗುರಿನ ನೀಲಿ ಹಿಂದೆ ಸರಿಯತೊಡಗಿತು. ಅದನ್ನು ನೋಡಿ ಅವಳು ನಗಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ.

ಊರಿಗೆ ಸುದ್ದಿ ಮುಟ್ಟಿತು. ಅಯ್ಯೋ, ಅದೆಂಥ ಹೊಗಳಿಕೆ! ಇಂಥ ಹೆಂಡತಿ ಉಂಟೇ, ಇಂಥ ಸತಿ ಉಂಟೇ ಅಂತ ಹಾಡು ಕಟ್ಟಿದರು. ತಮ್ಮನೂ ಜಗಲಿಯಲ್ಲಿ ಕೂತು ತಾಳ ಹಾಕಿದ. ಹೆಂಗಸರು ಗವಿಯವರೆಗೆ ಬಂದು ಅವಳ ಕಾಲು ಮುಟ್ಟಿ ನಮಸ್ಕರಿಸಿದರು, ಕಾಲು ತಣ್ಣಗಿದೆ ಅಂತ ಕೈ ಹಿಂದಕ್ಕೆ ತೆಗೆದರು. ಹೊದೆಯಲು ಒಂದು ಕಂಬಳಿ ಕೂಡ ಯಾರೂ ತರಲಿಲ್ಲ. ಹಾಡಿಗೆ ಏನು ಖರ್ಚು?

ಕೊನೆಯ ಎಲೆ ಬಾಡಿದ ಬೆಳಿಗ್ಗೆ ಅವನು ಕಣ್ಣು ಬಿಟ್ಟ. ಒಂದು ಕೋಣೆಯೂ ಸುಟ್ಟಿರಲಿಲ್ಲ. ಅವಳ ಹೆಸರು ಹಿಡಿದು ಕರೆದ. ಅವಳು ಕೇಳಿಸಿಕೊಂಡಳು, ಕೇಳಿಸಿಕೊಂಡೇ ಎರಡನೆಯ ಕಲ್ಲಿನ ಮೇಲೆ ಒರಗಿದಳು. ನಾನು ಅವನಿಗೆ ಎಲ್ಲ ಹೇಳಿದೆ. ಅವನು ಅವಳ ಪಾದ ಹಿಡಿದು ಹಣೆ ಚಚ್ಚಿಕೊಂಡ. ನಾಳೆಯೇ ಬರ್ತೀನಿ, ದಿನಾ ಬರ್ತೀನಿ ಅಂದ. ಅದೂ ಸುಳ್ಳು ಅಳುವಲ್ಲ. ಈ ಊರಿನಲ್ಲಿ ಸುಳ್ಳು ಅಳುವವರು ಕಡಿಮೆ. ಅದೇ ದೊಡ್ಡ ಕಷ್ಟ.

ಬಂದ. ಹಸಿ ಎಲೆಯನ್ನೇ ತಂದ, ತಮ್ಮನ ಹಾಗೆ ಮಾಡಲಿಲ್ಲ. ಕೂತ, ಎಲೆ ಬಾಡಿತು, ಎದ್ದ. ಸಂಜೆಯವರೆಗೆ ಅವನಿಗೆ ಚಳಿ ಆಯಿತು, ಸುತ್ತಿಗೆ ಜಾರಿತು, ಊಟ ರುಚಿಸಲಿಲ್ಲ. ಮಾರನೆಯ ದಿನವೂ ಬಂದ. ಆಮೇಲೆ ಒಂದು ದಿನ ಬಿಟ್ಟು ಬಂದ. ಈಗ ತಾನೇ ಎದ್ದಿದ್ದೀಯ ಅಣ್ಣಾ, ನೀನು ಗಟ್ಟಿಯಾದರೆ ತಾನೇ ಅವರಿಗೆ ಕೊಡುವುದು ಅಂತ ತಮ್ಮ ಬುದ್ಧಿ ಹೇಳಿದನಂತೆ. ಅಣ್ಣ ತಮ್ಮನ ಹತ್ತಿರ ತನ್ನ ಹಳೆಯ ಕಾವು ಕೇಳಲಿಲ್ಲ, ತಮ್ಮ ಅಣ್ಣನ ಹತ್ತಿರ ಅತ್ತಿಗೆಯ ಸುದ್ದಿ ಎತ್ತಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬರಿಗೊಬ್ಬರು ಬೇಗ ಅರ್ಥವಾಗುತ್ತಾರೆ. ಊರಿನವರು ಈಗ ಎರಡು ಜಗಲಿಯಲ್ಲಿ ಕೂರುತ್ತಿದ್ದರು.

ಅವಳ ಉಗುರಿನ ನೀಲಿ ಅರ್ಧ ದಾಟಿತು. ನಾನು ಅವಳ ಅಂಗಾಲು ನೀವುತ್ತಾ, ಅವನ ದಾರಿ ನೋಡುತ್ತಾ ಕೂತೆ. ಅವನು ಬರಲಿಲ್ಲ. ಕೊನೆಗೆ ನಾನೇ ಬೆಟ್ಟ ಇಳಿದು ಹೋದೆ. ಎಷ್ಟೋ ಕಾಲದ ಮೇಲೆ ಇಳಿದದ್ದು, ಮೊಣಕಾಲು ಮುರಿದು ಹೋಯಿತು ಅಂದುಕೊಂಡೆ. ಅವನು ಜಗಲಿಯಲ್ಲಿ ಕೂತಿದ್ದ, ಸುತ್ತ ಜನ ಇದ್ದರು. ನಾನು ಉಗುರಿನ ವಿಷಯ ಹೇಳಿದೆ. ಎಲ್ಲರೂ ಅವನ ಮುಖ ನೋಡಿದರು. ಅಲ್ಲಿ ಕೂತವರಲ್ಲಿ ಆ ಕಲ್ಲಿನ ಮೇಲೆ ಮಲಗಿ ಎದ್ದು ಬಂದವನು ಅವನೊಬ್ಬನೇ, ಅಲ್ಲಿಯ ವಿಷಯದಲ್ಲಿ ಅವನ ಮಾತೇ ಮಾತು.

ಅವನು ನನ್ನ ಮೇಲೆ ರೇಗಲಿಲ್ಲ. ಮೆತ್ತಗೆ ಹೇಳಿದ. "ಅಜ್ಜೀ, ನಿಮಗೆ ಗೊತ್ತಿಲ್ಲ, ನಾನು ಮಲಗಿ ಬಂದವನು. ಅಲ್ಲಿ ನೋವಿಲ್ಲ. ಹಸಿವಿಲ್ಲ, ಚಿಂತೆ ಇಲ್ಲ. ನೀರು ತೊಟ್ಟಿಕ್ಕೋದು ಕೂಡ ಕೇಳಿಸಲ್ಲ. ಅವಳು ಸುಖವಾಗಿದ್ದಾಳೆ. ಎಬ್ಬಿಸಿ ಮತ್ತೆ ಈ ಕಷ್ಟಕ್ಕೆ ಯಾಕೆ ತರೋದು?"

ಜನ ತಲೆದೂಗಿದರು. ಒಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಎಷ್ಟು ಪ್ರೀತಿ ನೋಡು ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟು ಸುಖ ಇದ್ದರೆ ನೀನ್ಯಾಕಪ್ಪಾ ಎದ್ದು ಬಂದೆ?" ಅಂತ ಕೇಳಿದೆ.

ಅವನು ಯೋಚಿಸಿದ. ನಿಜವಾಗಿಯೇ ಯೋಚಿಸಿದ, ನೆಪ ಹುಡುಕುವವನ ಹಾಗೆ ಅಲ್ಲ. ಆಮೇಲೆ, "ನನ್ನನ್ನ ಯಾರು ಕೇಳಿದರು ಅಜ್ಜೀ?" ಅಂದ.

ನಾನು ಎಳೆಯಬಹುದಿತ್ತು ಅವನ ಕೈ, ದರದರ ಬೆಟ್ಟಕ್ಕೆ ಎಳೆದುಕೊಂಡು ಹೋಗಬಹುದಿತ್ತು. ಎಳೆಯಬಾರದು ಅಂತ ಕಟ್ಟಳೆ, ಎಳೆಯುವ ಶಕ್ತಿಯೂ ನನ್ನಲ್ಲಿರಲಿಲ್ಲ. ಅವಳ ಉಗುರಿಗೆ ಇನ್ನೂ ಒಂದಿಷ್ಟು ಬಿಳುಪು ಉಳಿದಿದೆ ಅಂತ ಮಾತ್ರ ಹೇಳಿ ತಿರುಗಿದೆ. ಸೂರ್ಯ ಇಳಿದಿದ್ದ, ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು, ಹಲ್ಲು ಕಟಕಟ ಅನ್ನುವ ಚಳಿ. ಜಗಲಿಯ ಮೆಟ್ಟಿಲು ಇಳಿಯುವಾಗ ನನ್ನ ಕಾಲು ತಡವರಿಸಿತು. ಅವನು ತಟ್ಟನೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡ, ಜೋಪಾನ ಅಜ್ಜೀ ಅಂದ.

ಅವನ ಕೈ ಬೆಚ್ಚಗಿತ್ತು. ಆ ಬಿಸಿ ಯಾರದು ಅಂತ ನನಗೆ ಗೊತ್ತು, ಮಗ್ಗದ ಪಕ್ಕ ಕೂತು ಅವಳು ನನ್ನ ಕೈ ಎಷ್ಟು ಸಲ ಹಿಡಿದಿದ್ದಳು. ಕೊಡವಿಕೊಳ್ಳಬೇಕು ಅಂದುಕೊಂಡೆ. ಚಳಿ ಬಹಳ ಇತ್ತು. ಮೆಟ್ಟಿಲು ಮುಗಿದ ಮೇಲೂ, ಬೀದಿಯ ತಿರುವಿನವರೆಗೂ, ನಾನು ಆ ಕೈ ಬಿಡಲಿಲ್ಲ.